ಬಾಡಿಗೆ ಮಳಿಗೆಯ ಹಲಗೆ ನೆಲ: ಟೈಲ್ಸ್ ಹಾಕಿಸುವ ಮುನ್ನ



ಊರಿನಲ್ಲಿ ಹಾಲು ಅಳೆದು ಕಳಿಸುವುದು ಹೇಗೂ ನಡೆದಿದೆ, ಪೇಟೆಯಲ್ಲಿ ನಮ್ಮ ಸಂಘದ್ದೇ ಒಂದು ಮಳಿಗೆ ಇದ್ದರೆ ಹಾಲು, ಮೊಸರು, ತುಪ್ಪ, ಪೇಡ ಮಾರಬಹುದಲ್ಲ ಎಂಬ ಮಾತು ಒಂದಲ್ಲ ಒಂದು ಸಭೆಯಲ್ಲಿ ಬಂದೇ ಬರುತ್ತದೆ. ನಮ್ಮ ಮಹಿಳಾ ಸಂಘದಲ್ಲೂ ಬಂತು. ಮಳಿಗೆ ಹುಡುಕಿದೆವು, ಸಿಕ್ಕಿತು, ನೆಲಕ್ಕೆ ಟೈಲ್ಸ್ ಹಾಕಿಸಿದೆವು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅದನ್ನೆಲ್ಲ ಕಿತ್ತು ಹಾಕಬೇಕಾಯಿತು. ಕಾರ್ಯದರ್ಶಿಯಾಗಿ ಆ ಖರ್ಚಿಗೆ ಸಹಿ ಹಾಕಿದವಳು ನಾನೇ. ಹಾಗಾಗಿ ನೀವು ಅದೇ ದಾರಿ ಹಿಡಿಯುವ ಮೊದಲು ನಾಲ್ಕು ಮಾತು ಹೇಳುತ್ತೇನೆ.

ಮಲೆನಾಡಿನ ಪೇಟೆಗಳಲ್ಲಿ ನಮ್ಮ ಕೈಗೆ ಎಟುಕುವ ಬಾಡಿಗೆಗೆ ಸಿಗುವುದು ಹಳೇ ಕಟ್ಟಡಗಳೇ. ರಸ್ತೆಯ ಒಂದು ಬದಿ ಇಳಿಜಾರು. ರಸ್ತೆ ಮಟ್ಟದಲ್ಲಿ ಅಂಗಡಿ, ಅದರ ಕೆಳಗೆ ಹಿಂಬದಿಯಿಂದ ಬಾಗಿಲಿರುವ ಗೋದಾಮು. ನಡುವೆ ಇರುವುದು ಮರದ ಜಂತಿ, ಅದರ ಮೇಲೆ ಮೊಳೆ ಹೊಡೆದ ಹಲಗೆ. ಅಂದರೆ ಅಂಗಡಿಯೊಳಗೆ ಕಾಲಿಟ್ಟಾಗ ನಾವು ನೆಲ ಎಂದುಕೊಳ್ಳುವುದು ನಿಜಕ್ಕೂ ನೆಲವಲ್ಲ, ಮಹಡಿ. ನಾವು ಮೊದಲು ಮರೆತದ್ದು ಇದನ್ನೇ.

ಹಲಗೆಯನ್ನು ಹಾಗೇ ಬಿಟ್ಟು ಹಾಲು ಮಾರುವುದಂತೂ ಆಗದು. ಪ್ಯಾಕೆಟ್ ಒಡೆದರೆ ಹಾಲು ಸಂದಿಗೆ ಇಳಿಯುತ್ತದೆ, ಮರ ಹೀರಿಕೊಳ್ಳುತ್ತದೆ, ಮೂರನೇ ದಿನಕ್ಕೆ ಹುಳಿ ವಾಸನೆ, ಐದನೇ ದಿನಕ್ಕೆ ಇರುವೆ ಸಾಲು. ಆಹಾರ ಸುರಕ್ಷತೆಯ ನಿಯಮದ ಪ್ರಕಾರವೂ ನೆಲ ಸುಸ್ಥಿತಿಯಲ್ಲಿದ್ದು, ನುಣುಪಾಗಿ, ಸುಲಭವಾಗಿ ಶುಚಿ ಮಾಡುವಂತಿರಬೇಕು. ಆದ್ದರಿಂದ ಮೇಲೆ ಏನಾದರೂ ಹೊದಿಸಲೇಬೇಕು. ಏನನ್ನು, ಹೇಗೆ, ಯಾರ ದುಡ್ಡಿನಲ್ಲಿ ಎಂಬುದೇ ಪ್ರಶ್ನೆ.

ನಮ್ಮಲ್ಲಿ ಆದದ್ದು

ನಮ್ಮ ಮಳಿಗೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಮೇಸ್ತ್ರಿ ಬಂದು ನೋಡಿದರು. "ಹಲಗೆ ಮೇಲೆ ಪ್ಲಾಸ್ಟಿಕ್ ಹಾಸಿ ಎರಡಿಂಚು ಗಾರೆ ಹಾಕಿ ಕೂರಿಸಿಬಿಡ್ತೀನಿ ಅಕ್ಕಾ, ಏನೂ ಆಗಲ್ಲ" ಎಂದರು. ಮನೆ ಕಟ್ಟುವಾಗ ಎಲ್ಲರೂ ಹಾಗೇ ಮಾಡುವುದಲ್ಲವೇ ಎಂದು ನಾವೂ ಒಪ್ಪಿದೆವು.

ಈಗ ಲೆಕ್ಕ ಹಾಕಿ ನೋಡಿ. 120 ಚದರ ಅಡಿಗೆ ಎರಡಿಂಚು ದಪ್ಪದ ಮರಳು-ಸಿಮೆಂಟ್ ಎಂದರೆ 20 ಘನ ಅಡಿ. ಅದರ ತೂಕವೇ 1,100 ಕಿಲೋ ದಾಟುತ್ತದೆ. ಟೈಲ್ಸ್ ಚದರ ಅಡಿಗೆ ಸುಮಾರು ಎರಡು ಕಿಲೋ ಎಂದರೂ ಇನ್ನೊಂದು 240 ಕಿಲೋ. ಒಟ್ಟಿಗೆ ಮೂರು ದೊಡ್ಡ ಮಿಶ್ರತಳಿ ಹಸುಗಳನ್ನು ತಂದು ಆ ಹಲಗೆ ಮೇಲೆ ಕಟ್ಟಿ, ಹಗಲೂ ರಾತ್ರಿ ಬಿಚ್ಚದೆ ಬಿಟ್ಟ ಹಾಗೆ. ಅದಾದ ಮೇಲೆ ಫ್ರೀಜರ್, ಹಾಲಿನ ಕ್ರೇಟು, ಗಿರಾಕಿಗಳು. ಹಬ್ಬದ ದಿನ 40 ಲೀಟರಿನ ಕ್ಯಾನ್ ತಂದಿಟ್ಟರೆ ಒಂದೊಂದರಲ್ಲಿ ಹಾಲೇ 41 ಕಿಲೋ ತೂಗುತ್ತದೆ.

ಜೂನ್ ಕೊನೆಗೆ ಮೊದಲ ಬಿರುಕು ಕಂಡಿತು, ಬಾಗಿಲಿನಿಂದ ಕೌಂಟರಿಗೆ ನೇರ ಗೆರೆ ಎಳೆದ ಹಾಗೆ. ಆಗಸ್ಟ್ ಹೊತ್ತಿಗೆ ಏಳೆಂಟು ಟೈಲ್ಸ್ ಮೇಲೆದ್ದು, ಕಾಲಿಟ್ಟರೆ ಟಕ್ ಟಕ್ ಎನ್ನುತ್ತಿದ್ದವು. ಒರೆಸಿದ ನೀರು ಆ ಬಿರುಕಿನಿಂದ ಇಳಿದು ಕೆಳಗಿನ ಗೋದಾಮಿನಲ್ಲಿದ್ದ ಅಡಿಕೆ ಚೀಲದ ಮೇಲೆ ತೊಟ್ಟಿಕ್ಕಿತು. ಮಾಲೀಕರು ಬಂದು ಕೇಳಿದ ಮೊದಲ ಪ್ರಶ್ನೆ: "ನೆಲ ಮುಟ್ಟೋಕೆ ನಿಮಗೆ ಹೇಳಿದ್ದು ಯಾರು?" ನಮ್ಮ ಬಳಿ ಉತ್ತರವಿರಲಿಲ್ಲ. ಬಾಯಿಮಾತಿನಲ್ಲಿ "ಆಯ್ತಮ್ಮ, ಮಾಡಿಸಿಕೊಳ್ಳಿ" ಎಂದಿದ್ದರು, ಅಷ್ಟೇ.

ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಎರಡು ಹಸು ಸಾಕುವ ಒಬ್ಬ ಸದಸ್ಯೆ ಎದ್ದು ನಿಂತು, "ನನ್ನ ಹಾಲಿನ ದುಡ್ಡು ಬೇರೆಯವರ ನೆಲಕ್ಕೆ ಯಾಕೆ ಹೋಯ್ತು ಕಾರ್ಯದರ್ಶಿಯಮ್ಮ?" ಎಂದು ಕೇಳಿದರು. ಕೋಪದಿಂದಲ್ಲ, ಸುಮ್ಮನೆ ಕೇಳಿದರು. ಬೋನಸ್ಸಿನಲ್ಲಿ ಲೀಟರಿಗೆ ಕೆಲವು ಪೈಸೆ ಕಡಿಮೆಯಾಗಿತ್ತು. ಅದು ಅವರಿಗೆ ಎಷ್ಟು ದಿನದ ಹಿಂಡಿಯ ಖರ್ಚು ಎಂದು ನನಗೆ ಗೊತ್ತಿತ್ತು.

ಮೊದಲು ಕಾಗದ

ಎರಡನೇ ಸಲ ನಾವು ಮೇಸ್ತ್ರಿಯನ್ನು ಕರೆಯಲಿಲ್ಲ. ಮೊದಲು ವಕೀಲರ ಬಳಿ ಹೋದೆವು.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಏಕೆ ಇರುತ್ತದೆ ಗೊತ್ತೇ? 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗೇಣಿ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಎಲ್ಲರೂ 11 ತಿಂಗಳು ಬರೆಯುತ್ತಾರೆ. ಚೀಲ ಕಟ್ಟಿಕೊಂಡು ಹೊರಡುವವರಿಗೆ ಅದು ಸಾಕು. ನೆಲಕ್ಕೆ ದುಡ್ಡು ಸುರಿಯುವವರಿಗೆ ಸಾಲದು. ಹನ್ನೆರಡನೇ ತಿಂಗಳಲ್ಲಿ ಬಾಡಿಗೆ ಏರಿಸಿದರೆ ಅಥವಾ ಬಿಡಿ ಎಂದರೆ ಟೈಲ್ಸನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲವಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆದಾರರ ಹಕ್ಕು, ಹೊಣೆ ಎರಡನ್ನೂ ಹೇಳುತ್ತದೆ. ಜಾಗವನ್ನು ಪಡೆದ ಸ್ಥಿತಿಯಲ್ಲಿ ಇಟ್ಟುಕೊಂಡು, ಬಿಡುವಾಗ ಹಾಗೇ ಹಿಂತಿರುಗಿಸಬೇಕು, ಸಹಜ ಸವೆತವನ್ನು ಬಿಟ್ಟು. ಮಾಲೀಕರ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಮಾಡುವಂತಿಲ್ಲ. ನಾವೇ ಜೋಡಿಸಿದ್ದನ್ನು, ಜಾಗ ನಮ್ಮ ವಶದಲ್ಲಿರುವಾಗಲೇ ತೆಗೆದುಕೊಂಡು ಹೋಗಬಹುದು, ಆದರೆ ಜಾಗ ಮೊದಲಿನಂತೇ ಇರಬೇಕು. ಇನ್ನೊಂದು ಉಪಯೋಗದ ಮಾತೂ ಅಲ್ಲಿದೆ: ಮಾಲೀಕರೇ ಮಾಡಿಸಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟರೂ ಸಕಾಲದಲ್ಲಿ ಮಾಡಿಸದಿದ್ದರೆ, ನಾವು ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವುದು "ಅವರೇ ಮಾಡಿಸಬೇಕಾದ ದುರಸ್ತಿ" ಎಂಬುದು ಕರಾರಿನಲ್ಲಿ ಬರೆದಿದ್ದರೆ ತಾನೇ!

ನಾವು ಬರೆಸಿಕೊಂಡದ್ದು ಇಷ್ಟು. ಕರಾರು ಐದು ವರ್ಷ, ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ. ಜಂತಿ, ತೊಲೆ ಮಾಲೀಕರ ಹೊಣೆ. ಅದಕ್ಕೆ ಆದ ಖರ್ಚನ್ನು ತಿಂಗಳ ಬಾಡಿಗೆಯಲ್ಲಿ ಕಂತಾಗಿ ಮುರಿಯುವುದು. ಹಲಗೆಯಿಂದ ಮೇಲಿನದೆಲ್ಲ ಸಂಘದ ಖರ್ಚು. ಬಿಡುವಾಗ ಟೈಲ್ಸ್ ಕೀಳಬೇಕಿಲ್ಲ. ನೆಲದ ಎತ್ತರ ಏರುವುದರಿಂದ ಬಾಗಿಲಿನ ಕೆಳತುದಿ ಕತ್ತರಿಸಲು ಒಪ್ಪಿಗೆ. ಈ ಕೊನೆಯದು ಸಣ್ಣದಾಗಿ ಕಾಣಬಹುದು. ಆದರೆ ಅದು ಸಾಗುವಾನಿ ಬಾಗಿಲು, ಅವರ ಅಜ್ಜನ ಕಾಲದ್ದು. ಕೇಳದೆ ಗರಗಸ ಇಟ್ಟಿದ್ದರೆ ಮತ್ತೆ ಜಗಳವೇ. ಕೆಲಸ ಶುರು ಮಾಡುವ ಮುನ್ನ ಮೇಲಿನಿಂದ, ಕೆಳಗಿನಿಂದ ಫೋಟೋ ತೆಗೆದು ಕರಾರಿನ ಜೊತೆ ಇಟ್ಟೆವು. ಆಡಳಿತ ಮಂಡಳಿಯ ನಡಾವಳಿಯಲ್ಲಿ ಖರ್ಚು, ದರಪಟ್ಟಿ, ಕರಾರಿನ ಅವಧಿ ಮೂರನ್ನೂ ಬರೆದೆವು.

ಮಾಲೀಕರು ಎರಡು-ಮೂರು ವರ್ಷಕ್ಕೂ ನೋಂದಣಿಗೆ ಒಪ್ಪುವುದಿಲ್ಲ ಎಂದರೆ ಟೈಲ್ಸ್ ಆಸೆ ಬಿಡಿ. ದಪ್ಪ ವಿನೈಲ್ ಶೀಟ್ ಹಾಸಿ, ಕ್ರೇಟು ಇಡುವ ಕಡೆ ಅಂಚು ಎತ್ತಿದ ಸ್ಟೀಲ್ ತಟ್ಟೆ ಮಾಡಿಸಿಡಿ. ಬಿಡುವ ದಿನ ಸುತ್ತಿಕೊಂಡು ಹೊರಡಬಹುದು. ಅದರಲ್ಲಿ ಕೀಳರಿಮೆ ಏನೂ ಇಲ್ಲ.

ಕೆಳಗಿನಿಂದ ನೋಡಿ

ಹಲಗೆ ನೆಲವನ್ನು ಪರೀಕ್ಷಿಸಬೇಕಾದ್ದು ಮೇಲಿನಿಂದಲ್ಲ, ಕೆಳಗಿನಿಂದ. ಹಸು ಕೊಳ್ಳುವಾಗ ನಾವು ಮೈಬಣ್ಣ ನೋಡಿ ದುಡ್ಡು ಕೊಡುವುದಿಲ್ಲ, ಕೆಚ್ಚಲು ಮುಟ್ಟಿ, ಹಿಂಡಿ ನೋಡುತ್ತೇವೆ. ಹಾಗೆಯೇ ಗೋದಾಮಿನ ಬೀಗ ತೆಗೆಸಿ, ಟಾರ್ಚ್ ಹಿಡಿದು, ಒಬ್ಬ ಅನುಭವಿ ಬಡಗಿಯ ಜೊತೆ ಒಳಗೆ ಹೋಗಿ.

ಜಂತಿಯ ತುದಿ ಗೋಡೆಯೊಳಗೆ ಹೂತಿರುವ ಜಾಗವೇ ಮೊದಲು ಹಾಳಾಗುವುದು. ಮಳೆಗಾಲದಲ್ಲಿ ಗೋಡೆ ಕುಡಿದ ನೀರನ್ನು ಆ ತುದಿ ಹೀರುತ್ತದೆ. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಳ್ಳೇ ಮತ್ತಿ ಅಥವಾ ಹಲಸಿನ ಜಂತಿ ತುದಿಯನ್ನು ಒಳಗೆ ಬಿಡುವುದಿಲ್ಲ. ಬೆಣ್ಣೆಯಂತೆ ಇಳಿದರೆ ಕೊಳೆತಿದೆ ಎಂದರ್ಥ. ಜಂತಿಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು, ಗೋಡೆಯ ಮೇಲೆ ಮಣ್ಣಿನ ಗೆರೆ ಇದ್ದರೆ ಗೆದ್ದಲು. ನಮ್ಮಲ್ಲಿ ಎರಡು ಜಂತಿಯ ತುದಿ ಹೋಗಿತ್ತು. ಮೊದಲ ಸಲ ಯಾರೂ ಕೆಳಗಿಳಿದು ನೋಡಿರಲಿಲ್ಲ.

ಆಮೇಲೆ ಬಾಗುವ ಪರೀಕ್ಷೆ. ಮರದ ನೆಲ ಮುರಿಯದಿದ್ದರೂ ಬಾಗುತ್ತದೆ, ಟೈಲ್ಸಿಗೆ ಬಾಗಲು ಬಾರದು. ಜಗಳ ಇರುವುದೇ ಇಲ್ಲಿ. ಪೂರ್ತಿ ಭಾರ ಬಿದ್ದಾಗ ಜಂತಿಯ ಬಾಗು ಅದರ ಉದ್ದದ 360ರಲ್ಲಿ ಒಂದು ಪಾಲನ್ನು ಮೀರಬಾರದು ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಹತ್ತು ಅಡಿ ಜಂತಿಗೆ ಅದು ಸುಮಾರು ಎಂಟು ಮಿಲಿಮೀಟರ್, ಅಂದರೆ ಕಾಲಿಂಚಿಗಿಂತ ತುಸು ಹೆಚ್ಚು. ಗ್ರಾನೈಟಿನಂಥ ಕಲ್ಲಿಗಾದರೆ ಅದರಲ್ಲಿ ಅರ್ಧ ಮಾತ್ರ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗೆ: ಜಂತಿಯ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ದಾರವನ್ನು ಬಿಗಿಯಾಗಿ ಕಟ್ಟಿ. ನಡುಮಧ್ಯದಲ್ಲಿ ದಾರಕ್ಕೂ ಜಂತಿಗೂ ಇರುವ ಅಂತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಮೇಲೆ ನಾಲ್ಕೈದು ಜನ ಒಟ್ಟಾಗಿ ನಡುವೆ ನಿಲ್ಲಲಿ. ಮತ್ತೆ ಅಳೆಯಿರಿ. ಅಷ್ಟು ಸ್ವಲ್ಪ ಭಾರಕ್ಕೇ ವ್ಯತ್ಯಾಸ ಕಣ್ಣಿಗೆ ಕಂಡರೆ ಅಲ್ಲಿಗೆ ಕೆಲಸ ನಿಲ್ಲಿಸಿ, ಎಂಜಿನಿಯರನ್ನು ಕರೆಸಿ. ನಾವು ಐವರು ಮೇಲೆ ನಿಂತು, ಕೆಳಗಿದ್ದ ಬಡಗಿ "ಸಾಕು ಇಳೀರಮ್ಮ!" ಎಂದು ಕೂಗಿದ್ದನ್ನು ನೆನೆದರೆ ಈಗ ನಗು ಬರುತ್ತದೆ.

ಪರಿಹಾರ ಕಷ್ಟದ್ದಲ್ಲ. ನಮ್ಮಲ್ಲಿ ಕೊಳೆತ ಎರಡು ಜಂತಿಗಳ ಪಕ್ಕಕ್ಕೆ ಹೊಸ ಜಂತಿ ಜೋಡಿಸಿ ಬೋಲ್ಟ್ ಹಾಕಿದರು. ಎಲ್ಲ ಜಂತಿಗಳ ನಡುವೆ, ಒಂದು ಇನ್ನೊಂದರ ಭಾರ ಹಂಚಿಕೊಳ್ಳಲೆಂದು ಅಡ್ಡ ತುಂಡು ಬಿಗಿದರು. ಗೋದಾಮಿನ ಮಧ್ಯದಲ್ಲಿ ಅಡ್ಡಲಾಗಿ ಒಂದು ತೊಲೆ, ಅದಕ್ಕೆ ಎರಡು ಕಂಬ. ಇದರ ಗುಣ ದೊಡ್ಡದು. ಜಂತಿಯ ಉದ್ದವನ್ನು ಆಸರೆ ಕೊಟ್ಟು ಅರ್ಧ ಮಾಡಿದರೆ, ನೆಲದ ತುಂಬ ಸಮನಾಗಿ ಹರಡಿದ ಅದೇ ಭಾರಕ್ಕೆ ಬಾಗು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಂಬ ಅಡ್ಡವಾಗುತ್ತದೆ ಎಂದು ಮಾಲೀಕರು ಮೊದಲು ಗೊಣಗಿದರು. ಅಡಿಕೆ ಚೀಲ ನೆನೆದದ್ದು ಅವರಿಗೂ ನೆನಪಿತ್ತು, ಒಪ್ಪಿದರು.

ಹಲಗೆಗೂ ಟೈಲ್ಸಿಗೂ ನಡುವೆ

ಕೊಟ್ಟಿಗೆಯ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಹಲಗೆ ಉದ್ದಕ್ಕೆ ಹೆಚ್ಚು ಬೆಳೆಯದು, ಅಗಲಕ್ಕೆ ಉಬ್ಬಿ ಕುಗ್ಗುತ್ತದೆ. ನೆಲದ ಪ್ರತಿ ಹಲಗೆಯೂ ಹೀಗೇ ಉಸಿರಾಡುತ್ತಿರುತ್ತದೆ. ಅದಕ್ಕೆ ಟೈಲ್ಸನ್ನು ನೇರವಾಗಿ ಅಂಟಿಸಿದರೆ ಹಲಗೆಯ ಸಂದಿ ಇದ್ದಲ್ಲೇ ಬಿರುಕು ಬರುತ್ತದೆ. ನಮ್ಮ ನೇರ ಗೆರೆಯ ಬಿರುಕೂ ಹಾಗೇ ಬಂದದ್ದು. ಎರಡಿಂಚು ಗಾರೆ ಇದ್ದರೂ ತಡೆಯಲಿಲ್ಲ, ಗಾರೆಯೇ ಮೊದಲು ಒಡೆದಿತ್ತು.

ಆದ್ದರಿಂದ ಈ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾಡಿಸಿ. ಮರ ಒಣಗಿರಬೇಕು. ಸಡಿಲವಾದ ಹಲಗೆಗಳನ್ನೆಲ್ಲ ಜಂತಿಗೆ ಸ್ಕ್ರೂ ಹಾಕಿ ಬಿಗಿಸಿ. ಮೊಳೆ ಸಾಲದು, ಮೊಳೆ ದಿನ ಕಳೆದಂತೆ ಮೇಲೇಳುತ್ತದೆ. ಹಳೇ ಮೊಳೆತಲೆಗಳನ್ನು ಒಳಗೆ ಕೂರಿಸಿ. ಸೀಳಿದ ಹಲಗೆ ಬದಲಿಸಿ. ಮೇಣ, ಎಣ್ಣೆ, ಪಾಲಿಶ್ ಉಜ್ಜಿ ತೆಗೆಸಿ. ನೀರು ಸುರಿದು ತೊಳೆಯಬೇಡಿ.

ಅದರ ಮೇಲೆ ಪ್ಲೈವುಡ್. ಇಲ್ಲಿ ಚೌಕಾಸಿ ಬೇಡ. 18 ಮಿಲಿಮೀಟರ್ ದಪ್ಪದ, ಐಎಸ್ 710 ಗುರುತಿರುವ ಮೆರೈನ್ ಪ್ಲೈವುಡ್ ತನ್ನಿ. ಪ್ಲೈವುಡ್ಡಿನಲ್ಲಿ ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುವುದರಿಂದ ಹಲಗೆಯಂತೆ ಉಬ್ಬಿ ಕುಗ್ಗುವುದಿಲ್ಲ. ಹಾಳೆಗಳನ್ನು ಎರಡು ದಿನ ಅದೇ ಮಳಿಗೆಯಲ್ಲಿ ಇಟ್ಟು ಆಮೇಲೆ ಹಾಸಲಿ. ಹಾಳೆಯ ಉದ್ದ ಹಲಗೆಗೆ ಅಡ್ಡಲಾಗಿ ಬರಲಿ. ಇಟ್ಟಿಗೆ ಕಟ್ಟಿದಂತೆ ಸಂದಿ ತಪ್ಪಿಸಿ ಹಾಕಲಿ, ನಾಲ್ಕು ಮೂಲೆ ಒಂದೆಡೆ ಸೇರಬಾರದು. ಹಾಳೆ ಹಾಳೆಗೆ ಮೂರು ಮಿಲಿಮೀಟರ್, ಗೋಡೆಗೆ ಆರು ಮಿಲಿಮೀಟರ್ ಸಂದಿ ಬಿಡಲಿ. ಅಂಚಿನಲ್ಲಿ ಆರು ಇಂಚಿಗೊಂದು, ನಡುವೆ ಎಂಟು ಇಂಚಿಗೊಂದು ತುಕ್ಕು ಹಿಡಿಯದ ಸ್ಕ್ರೂ. ನಮ್ಮ ಬಡಗಿ ಅಡಿಗೊಂದು ಹಾಕಿ ಮುಗಿಸಲು ಹೊರಟಿದ್ದರು. ಪಕ್ಕದಲ್ಲಿ ಕೂತು ಎಣಿಸಿದೆವು. ಹಾಲಿನ ಲೆಕ್ಕ ಇಡುವವರಿಗೆ ಸ್ಕ್ರೂ ಎಣಿಸುವುದು ಯಾವ ಮಹಾ ಕೆಲಸ!

ಪ್ಲೈವುಡ್ಡಿನ ಮೇಲೆ ಸಿಮೆಂಟ್ ಬೋರ್ಡ್, ಅದರ ಸಂದಿಗೆ ಜಾಲರಿ ಟೇಪು, ಅದರ ಮೇಲೆ ನೀರು ತಡೆಯುವ ಲೇಪ ಎರಡು ಕೈ. ಲೇಪವನ್ನು ಗೋಡೆಗೂ ನಾಲ್ಕಿಂಚು ಏರಿಸಬೇಕು. ನಮ್ಮ ಕೆಳಗೆ ಇನ್ನೊಬ್ಬರ ಅಡಿಕೆ ಇದೆಯಲ್ಲ!

ಟೈಲ್ಸ್ ಅಂಟಿಸಲು ಮೇಸ್ತ್ರಿಗಳು "ಸಿಮೆಂಟ್ ಹಾಲು" ಎನ್ನುತ್ತಾರೆ. ಸಿಮೆಂಟನ್ನು ನೀರಿಗೆ ಕಲಸಿದ ತಿಳಿ ಅದು. ಹಾಲು ಎಂಬ ಮಾತಿಗೆ ನಾವು ಮೋಸ ಹೋಗುವವರಲ್ಲ, ಇಲ್ಲಿ ಅದು ಕೆಲಸಕ್ಕೆ ಬಾರದು. ಚೀಲದಲ್ಲಿ ಬರುವ, ಬಾಗುವ ಗುಣವಿರುವ ಟೈಲ್ಸ್ ಅಂಟು ಬೇಕು. ಚೀಲದ ಮೇಲೆ ಐಎಸ್ 15477 ಇದೆಯೇ, ಸಿಮೆಂಟ್ ಬೋರ್ಡಿಗೆ ಆಗುತ್ತದೆಂದು ಬರೆದಿದೆಯೇ ಎಂದು ಅಂಗಡಿಯಲ್ಲೇ ಓದಿಸಿಕೊಳ್ಳಿ. ಹಲ್ಲಿನ ಕರಣೆಯಿಂದ ನೆಲದ ತುಂಬ ಎಳೆದು ಹಚ್ಚಬೇಕು. ನಾಲ್ಕು ಮೂಲೆಗೆ, ಮಧ್ಯಕ್ಕೆ ಒಂದೊಂದು ಮುದ್ದೆ ಇಟ್ಟು ಒತ್ತುವ ಅಭ್ಯಾಸ ಬಹಳ ಜನರಿಗಿದೆ. ಹಾಗೆ ಮಾಡಿದರೆ ಅಡಿಯಲ್ಲಿ ಪೊಳ್ಳು ಉಳಿದು, ಕ್ರೇಟು ಬಿದ್ದ ದಿನ ಒಡೆಯುತ್ತದೆ. ಹಾಕಿದ ಕೂಡಲೇ ಒಂದು ಟೈಲನ್ನು ಎತ್ತಿ ತೋರಿಸಲು ಹೇಳಿ. ಬೆನ್ನ ತುಂಬ ಅಂಟು ಹತ್ತಿರಬೇಕು.

ಇದೆಲ್ಲ ಸೇರಿ ಚದರ ಅಡಿಗೆ ಸುಮಾರು ಐದು ಕಿಲೋ. ನಮ್ಮ ಮಳಿಗೆಗೆ 600 ಕಿಲೋ, ಮೊದಲಿನ ಅರ್ಧಕ್ಕಿಂತ ಕಡಿಮೆ. ನೆಲ ಒಂದೂವರೆ ಇಂಚು ಏರಿತು. ಅದಕ್ಕೇ ಬಾಗಿಲಿನ ಮಾತು ಕರಾರಿನಲ್ಲಿ ಬಂದದ್ದು.

ಹುಳಿ ಹಾಲು ಮತ್ತು ಸಂದಿ

ಸಂಘದಲ್ಲಿ ಕ್ಯಾನ್ ಇಡುವ ಕಟ್ಟೆಯ ಸಿಮೆಂಟ್ ಗುಳಿ ಬಿದ್ದು, ಜಲ್ಲಿ ಕಾಣುವುದನ್ನು ಗಮನಿಸಿದ್ದೀರಾ? ಚೆಲ್ಲಿದ ಹಾಲು ಹುಳಿಯಾದಾಗ ಬರುವ ಲ್ಯಾಕ್ಟಿಕ್ ಆಮ್ಲ ಸಿಮೆಂಟನ್ನು ತಿನ್ನುತ್ತದೆ. ಟೈಲ್ಸನ್ನು ತಿನ್ನಲಾರದು, ಟೈಲ್ಸಿನ ನಡುವಿನ ಸಿಮೆಂಟ್ ಸಂದಿಯನ್ನು ತಿನ್ನುತ್ತದೆ. ಆ ಸಂದಿ ಹೋದರೆ ಕೆಳಗಿನದ್ದೆಲ್ಲ ಮತ್ತೆ ಒದ್ದೆ. ಹಾಗಾಗಿ ಹಾಲಿನ ಮಳಿಗೆಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ಬೆಲೆ ಹೆಚ್ಚು, ಹಾಕುವಾಗ ಬೇಗ ಒರೆಸದಿದ್ದರೆ ಕಲೆ ನಿಲ್ಲುತ್ತದೆ, ಮೇಸ್ತ್ರಿಗಳು ಗೊಣಗುತ್ತಾರೆ. ಆದರೂ ಹಾಕಿಸಿ. ಗೋಡೆಯ ಬುಡದಲ್ಲಿ ಬಿಟ್ಟ ಸಂದಿಗೆ ಮಾತ್ರ ಗ್ರೌಟ್ ತುಂಬಬಾರದು, ಸಿಲಿಕಾನ್ ತುಂಬಿ ಮೇಲೆ ಸ್ಕರ್ಟಿಂಗ್ ಕೂರಿಸಬೇಕು. ಜಾರದ, ಒರಟು ಮೈಯ ಟೈಲ್ಸನ್ನೇ ಆರಿಸಿ, ಹೊಳೆಯುವುದು ಬೇಡ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಹಾಲು ಸಂಗ್ರಹಿಸುವ, ಕ್ಯಾನ್ ತೊಳೆಯುವ, ಬಿಸಿನೀರು ಸುರಿಯುವ ಕೋಣೆಯನ್ನು ಹಲಗೆ ನೆಲದ ಮೇಲೆ ಮಾಡಲೇಬೇಡಿ, ಎಷ್ಟೇ ಚೆನ್ನಾಗಿ ಟೈಲ್ಸ್ ಹಾಕಿದರೂ. ಅದಕ್ಕೆ ಮಣ್ಣಿನ ಮೇಲೆ ಕೂತ, ಚರಂಡಿಗೆ ಇಳಿಜಾರಿರುವ ನೆಲವೇ ಬೇಕು. ನಾನು ಹೇಳಿದ್ದೆಲ್ಲ ಪ್ಯಾಕೆಟ್ ಮಾರುವ, ಒರೆಸಿ ಶುಚಿ ಮಾಡುವ ಮಳಿಗೆಗೆ ಮಾತ್ರ. ನಮ್ಮಲ್ಲಿ ಬಕೆಟ್ ನೀರು ಸುರಿಯುವಂತಿಲ್ಲ ಎಂದು ಬಾಗಿಲ ಹಿಂದೆ ಚೀಟಿ ಅಂಟಿಸಿದ್ದೇವೆ. ಹಿಂಡಿದ ಬಟ್ಟೆಯಲ್ಲಿ ಎರಡು ಹೊತ್ತು ಒರೆಸುತ್ತೇವೆ. ಫ್ರೀಜರನ್ನು ಮಧ್ಯದಲ್ಲಿಡದೆ ಗೋಡೆಯ ಬದಿಗೆ ಇಟ್ಟಿದ್ದೇವೆ.

ಉಳಿದ ಆರು ಟೈಲ್ಸ್ ಕೌಂಟರಿನ ಕೆಳಗಿವೆ. ಪ್ರತಿ ವರ್ಷ ಮಳೆ ಹಿಡಿದ ಮೇಲೆ, ಜೂನ್ ಕೊನೆಯ ವಾರ, ಗೋದಾಮಿನ ಕೀಲಿ ಕೇಳಿ ಪಡೆದು ಟಾರ್ಚ್ ಹಿಡಿದು ಕೆಳಗಿಳಿಯುತ್ತೇನೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಸದಸ್ಯೆ ಈಗ ನಮ್ಮ ನಿರ್ದೇಶಕಿ. ಅವರೂ ಜೊತೆಗೆ ಬರುತ್ತಾರೆ, ಸ್ಕ್ರೂಡ್ರೈವರ್ ಅವರ ಕೈಯಲ್ಲೇ ಇರುತ್ತದೆ.